ದೋಸೆ ವಾಚು

ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಓಬೇದುಲ್ಲಾ ಉಗುರು ಸಿಕ್ಕಿಸಿ ಮತ್ತೊಮ್ಮೆ ಒತ್ತಿದ. ಸತ್ತವನ ಕೈ ಆಗಲೇ ಸೆಟೆದುಕೊಂಡಿತ್ತು. ಮಣಿಕಟ್ಟು ಹಿಡಿದು ಎತ್ತಿದರೆ ತೋಳು ಪೂರ್ತಿ ಕೊರಡಿನ ಹಾಗೆ ಜೊತೆಗೇ ಏಳುತ್ತಿತ್ತು. ಹಂಡೆಯಲ್ಲಿ ಸ್ನಾನದ ನೀರು ಕಾದು ಹಬೆಯಾಡುತ್ತಿತ್ತು. ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತವರು, ತಲೆಯ ಹತ್ತಿರ ಅಳುತ್ತಿದ್ದ ಹೆಂಗಸರು, ತಮಟೆ ಕಾಯಿಸುತ್ತಿದ್ದವರು ಎಲ್ಲರೂ ಅವನ ಬೆರಳುಗಳನ್ನೇ ನೋಡುತ್ತಿದ್ದರು. ಐವತ್ತು ವರ್ಷ ವಾಚು ಬಿಚ್ಚಿ ಜೋಡಿಸಿದ ಬೆರಳುಗಳು ಇವತ್ತು ಒಂದು ಚೈನಿನ ಕೊಂಡಿ ಬಿಚ್ಚಲಾಗದೆ ಜಾರುತ್ತಿದ್ದವು.

"ಕಟ್ ಮಾಡ್ಬಿಡೋಣ್ವಾ ಮಾಮ?" ಎಂದು ಶಿವಕುಮಾರ್ ಕೇಳಿದ. ಸತ್ತ ವೆಂಕಟರಮಣಪ್ಪನಿಗೆ ಅವನೊಬ್ಬನೇ ಮಗ.

"ಬೇಡ ಕಣಪ್ಪ. ಬರುತ್ತೆ, ಇರು."

ಕೊನೆಗೂ ಕೊಂಡಿ ಬಿಟ್ಟುಕೊಂಡಿತು. ಓಬೇದುಲ್ಲಾ ವಾಚನ್ನು ಗೆಳೆಯನ ಕೈಯಿಂದ ಜಾರಿಸಿ ತೆಗೆದು, ಅಂಗಿಯ ಅಂಚಿನಿಂದ ಒರೆಸಿದ. ಉದ್ದನೆಯ ಚೌಕದ ವಾಚು. ಮೇಲೆ ಡಯಲ್ ಇಲ್ಲ, ಬರೀ ಬೋಳು ಸ್ಟೀಲಿನ ತಗಡು. ಅದನ್ನು ಪಕ್ಕಕ್ಕೆ ಜರುಗಿಸಿ ಚೌಕಟ್ಟಿನೊಳಗೇ ಮಗುಚಿ ಹಾಕಿದರೆ ಒಳಗಿನ ಡಯಲ್ ಹೊರಕ್ಕೆ ಬರುತ್ತದೆ. ಇನ್ನೊಮ್ಮೆ ಮಗುಚಿದರೆ ಮತ್ತೆ ಬೋಳು ತಗಡು. ಮುಳಬಾಗಿಲಿನ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೈದು ವರ್ಷ ಬಸ್ಸುಗಳನ್ನು ಹೊರಡಿಸಿದ್ದು ಈ ವಾಚು. ಡ್ರೈವರುಗಳು, ಕಂಡಕ್ಟರುಗಳು ಅದಕ್ಕೆ ಇಟ್ಟ ಹೆಸರು ದೋಸೆ ವಾಚು.

ಶಿವಕುಮಾರ್ ಕೈ ಚಾಚಿದ. ಅಪ್ಪನ ಗುರುತಿಗೆ ಅದೊಂದು ತನಗಿರಲಿ ಎಂದ. ತಲೆಯ ಹತ್ತಿರ ಕೂತಿದ್ದ, ಸತ್ತವನ ಹೆಂಡತಿ ಮುನಿಯಲ್ಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಅದು ಅವರ ಜೊತೆಗೇ ಮಣ್ಣಿಗೆ ಹೋಗಲಿ, ಮನೆಯಲ್ಲಿ ಬೇಡ ಎಂದಳು. ಯಾಕೆ ಬೇಡ ಎಂದು ಮಗ ಕೇಳಿದ. ಹಿರಿಯರೊಬ್ಬರು ಆಮೇಲೆ ನೋಡಿದರಾಯಿತು, ಸದ್ಯಕ್ಕೆ ಸಾಬರ ಹತ್ತಿರವೇ ಇರಲಿ ಅಂದರು. ಓಬೇದುಲ್ಲಾ ವಾಚನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ನಂದೀಶನ ಬೈಕು ಬೀದಿಗೆ ನುಗ್ಗಿದ್ದು ಆಗಲೇ. ನಂದೀಶ್ ಈಗ ಬಸ್ ಸ್ಟ್ಯಾಂಡಿನ ಏಜೆಂಟು, ಶಿವಕುಮಾರನ ಜೊತೆಯವನು. ಬೈಕು ಆರಿಸುವ ಮೊದಲೇ ಹೇಳಿದ.

"ಕದಿರೇಶ ಬರ್ತಾ ಅವ್ನಂತೆ. ಬೈರಕೂರಿಂದ ಹೊರಟಾಯ್ತಂತೆ."

ಹದಿನೆಂಟು ವರ್ಷದ ಹಿಂದೆ ಕೋಲಾರದ ಕೋರ್ಟಿನ ಮೆಟ್ಟಿಲ ಮೇಲೆ, ಪೊಲೀಸರು ಎಳೆದುಕೊಂಡು ಹೋಗುತ್ತಿದ್ದಾಗ, ಬಸ್ ಡ್ರೈವರ್ ಕದಿರೇಶ್ ವೆಂಕಟರಮಣಪ್ಪನ ಕಡೆ ತಿರುಗಿ ಆಡಿದ ಮಾತು ಇಲ್ಲಿ ಕೂತಿದ್ದ ಎಷ್ಟೋ ಜನರಿಗೆ ನೆನಪಿತ್ತು. ನೀನು ಸತ್ತ ದಿವಸ ಬರ್ತೀನಿ, ನಿನ್ನ ಹೆಣದ ಮುಂದೆ ನಿಂತು ಹತ್ತು ಜನ ಕೇಳೋ ಹಾಗೆ ಕೇಳ್ತೀನಿ ಅಂದಿದ್ದ. ಆಮೇಲೆ ಊರಿನವರಾರಿಗೂ ಅವನು ಸರಿಯಾಗಿ ಕಾಣಿಸಿಕೊಂಡಿರಲಿಲ್ಲ. ಬೈರಕೂರಿನ ಹತ್ತಿರ ಯಾರದೋ ಮಾವಿನ ತೋಪು ಕಾಯುತ್ತಾನೆ ಅನ್ನುವುದಷ್ಟೇ ಸುದ್ದಿ.

"ಬೀದಿ ತುದಿಯಲ್ಲೇ ನಿಲ್ಸು," ಎಂದ ಶಿವಕುಮಾರ್. "ನಮ್ಮಪ್ಪನ್ ಮುಖ ಅವ್ನು ನೋಡ್ಕೂಡ್ದು."

ನಂದೀಶ್ ನಾಲ್ಕೈದು ಹುಡುಗರನ್ನು ಕರೆದುಕೊಂಡು ಹೋದ. ಶಾಮಿಯಾನಕ್ಕೆ ತಂದು ಉಳಿದಿದ್ದ ಬಿದಿರಿನ ಗಳುವೊಂದನ್ನು ಒಬ್ಬ ಹೆಗಲಿಗಿಟ್ಟುಕೊಂಡ. ಓಬೇದುಲ್ಲಾ ಅವರು ಹೋಗುವುದನ್ನು ನೋಡಿದ. ಕದಿರೇಶ್ ಅಲ್ಲೇ ನಿಂತು, ಅಲ್ಲಿಂದಲೇ ಹಿಂದಿರುಗಿದರೆ, ಸಂಜೆಯೊಳಗೆ ಎಲ್ಲ ಮಣ್ಣಿನಡಿ ಹೋಗುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

*

ವೆಂಕಟರಮಣಪ್ಪ ಬಸ್ ಸ್ಟ್ಯಾಂಡಿಗೆ ಟೈಮ್ ಕೀಪರ್ ಆಗಿ ಬಂದ ಮೊದಲ ವರ್ಷದಲ್ಲೇ ಮೂರು ಸಲ ವಾಚಿನ ಗಾಜು ಒಡೆಸಿಕೊಂಡಿದ್ದ. ಪ್ರೈವೇಟ್ ಬಸ್ಸಿನವರಿಗೆ ನಿಮಿಷ ಅಂದರೆ ಅನ್ನ. ಶ್ರೀನಿವಾಸಪುರದ ಬಸ್ಸು ಎಂಟು ನಲವತ್ತಕ್ಕೆ ಬಿಡಬೇಕು, ಅದರ ಹಿಂದಿನದು ಎಂಟು ಐವತ್ತಕ್ಕೆ. ಮುಂದಿನವನು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನವನ ಪ್ಯಾಸೆಂಜರು ಅವನ ಪಾಲಾಗುತ್ತಾರೆ. ಹಾಗಾಗಿ ಪ್ರತಿ ಬಸ್ಸು ಹೊರಡುವ ಹೊತ್ತಿಗೂ ಎರಡು ಕಡೆಯ ಕಂಡಕ್ಟರುಗಳು ಅವನ ಕೈ ಹಿಡಿದು ಎಳೆದಾಡುತ್ತಿದ್ದರು. ಇವನು ಟೈಮಾಯ್ತು ಅನ್ನುವನು, ಅವನು ಇನ್ನೂ ಆಗಿಲ್ಲ ಅನ್ನುವನು. ಆ ಎಳೆದಾಟದಲ್ಲಿ ಗಾಜು ಒಡೆಯುತ್ತಿತ್ತು.

ಓಬೇದುಲ್ಲಾನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ. ಅಂಗಡಿ ಅಂದರೆ ಗಾಜಿನ ಒಂದು ಪೆಟ್ಟಿಗೆ, ಒಂದು ಸ್ಟೂಲು, ತಲೆಯ ಮೇಲೆ ತಗಡು. ಮೂರನೆಯ ಸಲ ವೆಂಕಟರಮಣಪ್ಪ ಬಂದು ಮುರಿದ ವಾಚನ್ನು ಮುಂದಿಟ್ಟಾಗ ಅವನು ನಗುತ್ತಾ ಡ್ರಾಯರಿನ ತಳದಿಂದ ಈ ಚೌಕದ ವಾಚು ತೆಗೆದ. ಜಿದ್ದಾದಲ್ಲಿ ಕೆಲಸಕ್ಕಿದ್ದ ಅವನ ಭಾವ ತಂದುಕೊಟ್ಟಿದ್ದು. ಎರಡು ವರ್ಷದಿಂದ ಯಾರೂ ಕೊಂಡಿರಲಿಲ್ಲ. ಮುಖವೇ ಇಲ್ಲದ ವಾಚು ಯಾಕೆ ಅಂತ ಎಲ್ಲರೂ ವಾಪಸು ಇಟ್ಟುಬಿಡುತ್ತಿದ್ದರು. ಓಬೇದುಲ್ಲಾ ಅದನ್ನು ಜರುಗಿಸಿ, ಮಗುಚಿ, ಕೂರಿಸಿ ತೋರಿಸಿದ. ಕುದುರೆ ಮೇಲೆ ಕೂತು ಚೆಂಡಾಡುವ ದೊರೆಗಳು ಗಾಜು ಒಡೆಯದಿರಲಿ ಅಂತ ಹಿಂದಿನ ಕಾಲದಲ್ಲಿ ಇಂಥದನ್ನು ಮಾಡಿಸಿಕೊಂಡರಂತೆ ಎಂದ. ನಮಗೆ ಕುದುರೆ ಇಲ್ಲ, ಕಂಡಕ್ಟರುಗಳು ಇದ್ದಾರಲ್ಲ ಎಂದು ವೆಂಕಟರಮಣಪ್ಪ ಅದನ್ನು ಕಟ್ಟಿಕೊಂಡ.

ಅವತ್ತಿನಿಂದ ಬಸ್ ಸ್ಟ್ಯಾಂಡಿನ ಜಗಳದ ರೀತಿಯೇ ಬದಲಾಯಿತು. ಹೊರಡುವ ಹೊತ್ತು ಹತ್ತಿರ ಬಂದು ಜನ ಮುತ್ತಿಕೊಂಡರೆ ಅವನು ವಾಚು ಮಗುಚಿಬಿಡುತ್ತಿದ್ದ. ಎಳೆದರೂ ಕಾಣುವುದು ತಗಡು. ನಡುನಡುವೆ ಗೋಡೆಯ ಕಡೆ ತಿರುಗಿಕೊಂಡು ತಾನೊಬ್ಬನೇ ನೋಡಿಕೊಳ್ಳುತ್ತಿದ್ದ. ಟೈಮಾದ ಕೂಡಲೇ ಎಲ್ಲರಿಗೂ ಕಾಣುವ ಹಾಗೆ ಡಯಲ್ ಹೊರಕ್ಕೆ ಹಾಕಿ ಕೈ ಎತ್ತುತ್ತಿದ್ದ. ದೋಸೆ ಮಗುಚಿದ್ರು, ರೈಟ್ ಎಂದು ಕಂಡಕ್ಟರು ಸೀಟಿ ಹೊಡೆಯುತ್ತಿದ್ದ.

ಮನೆಯಲ್ಲೂ ಹಾಗೇ. ಬಾಗಿಲು ದಾಟಿದ ಕೂಡಲೇ ಡಯಲ್ ಒಳಕ್ಕೆ. ಊಟಕ್ಕೆ, ಹೆಂಡತಿಯ ಜೊತೆ ಮಾತಿಗೆ, ಮಗನ ಲೆಕ್ಕದ ಪುಸ್ತಕಕ್ಕೆ ಟೈಮ್ ನೋಡುತ್ತಿರಲಿಲ್ಲ. ಅಷ್ಟೇ ಅವನ ಬದುಕು: ಬೆಳಿಗ್ಗೆ ಆರಕ್ಕೆ ರೇಡಿಯೋಗೆ ಮುಳ್ಳು ಹೊಂದಿಸುವುದು, ರಾತ್ರಿ ಎಂಟರ ತನಕ ಬೇರೆಯವರನ್ನು ಊರು ಬಿಡಿಸುವುದು. ಅವನು ಮಾತ್ರ ಕೋಲಾರ ದಾಟಿ ಹೋದದ್ದು ಕಡಿಮೆ.

*

ಸ್ನಾನವಾಯಿತು. ಬಿಳಿ ಪಂಚೆ ಉಡಿಸಿ, ಹಣೆಗೆ ನಾಮ ಇಟ್ಟು, ಬಾಯಿಗೆ ಅಕ್ಕಿ ಹಾಕಲು ಒಬ್ಬೊಬ್ಬರಾಗಿ ಬಂದರು. ಓಬೇದುಲ್ಲಾನೂ ಹೋಗಿ ನಾಲ್ಕು ಕಾಳು ಹಾಕಿದ. ವೆಂಕಟರಮಣಪ್ಪನ ಎಡಗೈಯಲ್ಲಿ ವಾಚು ಇದ್ದ ಜಾಗ ಬೆಳ್ಳಗೆ, ಅಗಲವಾಗಿ, ಬೇರೆ ಯಾರದೋ ಚರ್ಮದ ಹಾಗೆ ಕಾಣುತ್ತಿತ್ತು.

ವಾಪಸು ಬಂದು ಕೂತಾಗ ಪಕ್ಕದವರು ಕದಿರೇಶನ ಸುದ್ದಿಯನ್ನೇ ಆಡುತ್ತಿದ್ದರು. ಜೈಲಿಂದ ಬರುವಷ್ಟರಲ್ಲಿ ಹೆಂಡತಿ ತವರಿಗೆ ಹೋಗಿ ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡಳಂತೆ. ಮುನಿಲಕ್ಷ್ಮಿ ಅಂತ ಮಗಳೊಬ್ಬಳಿದ್ದಾಳಂತೆ, ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ. ಬಸ್ಸಿರಲಿ, ಅವನು ಒಂದು ಸೈಕಲ್ ಕೂಡ ಮುಟ್ಟಿಲ್ಲವಂತೆ. ಮಾಡಿದ್ದುಣ್ಣೋ ಮಹರಾಯ ಎಂದು ಒಬ್ಬರು ಹೇಳಿದರು. ತಪ್ಪು ಮಾಡಿದವನು ಒಪ್ಪಿಕೊಂಡಿದ್ದರೆ ಅದೊಂದು ಬೇರೆ, ಕೋರ್ಟಿನಲ್ಲಿ ನಿಂತು ಟೈಮ್ ಕೀಪರ್ ಮೇಲೆ ಹಾಕಲು ಹೋದ, ಅದಕ್ಕೇ ದೇವರು ಮೆಚ್ಚಲಿಲ್ಲ ಎಂದು ಇನ್ನೊಬ್ಬರು.

ಓಬೇದುಲ್ಲಾ ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ನೆಲ ನೋಡುತ್ತಾ ಕೂತ.

*

ಅಪಘಾತದ ಹಿಂದಿನ ಸಂಜೆ ವೆಂಕಟರಮಣಪ್ಪ ವಾಚು ತಂದಿದ್ದ. ಕೀ ಕೊಡುವ ತಿರುಪು ಸವೆದು ಕಳಚಿ ಬಿದ್ದುಹೋಗಿತ್ತು. ಆ ಅಳತೆಯದು ಎಲ್ಲೂ ಸಿಗುವುದಿಲ್ಲ. ಬೆಳಿಗ್ಗೆಯೇ ಬೇಕು ಕಣೋ, ಅದಿಲ್ದೆ ನನ್ನ ಯಾರೂ ಲೆಕ್ಕಕ್ಕಿಡಲ್ಲ ಅಂದಿದ್ದಕ್ಕೆ ಓಬೇದುಲ್ಲಾ ಆಗಲೇ ಬೇರೊಂದು ವಾಚಿನ ತಿರುಪು ಹಾಕಿಟ್ಟು, ಬೆಳಿಗ್ಗೆ ಸ್ಟ್ಯಾಂಡಿಗೇ ತಂದು ಕೊಟ್ಟ. ಕೂದಲೆಳೆಯಷ್ಟು ಹೆಚ್ಚು ದಪ್ಪವಿತ್ತು. ಪರವಾಗಿಲ್ಲ ಅಂದುಕೊಂಡ. ಕೀ ಕೊಟ್ಟು, ಕಿವಿಗಿಟ್ಟು ನೋಡಿದ; ಓಡುತ್ತಿತ್ತು. ಮಗುಚಿ ನೋಡಲಿಲ್ಲ.

ಆ ಬೆಳಿಗ್ಗೆ ಎಂಟು ನಲವತ್ತರ ಶ್ರೀನಿವಾಸಪುರದ ಬಸ್ಸಿಗೆ ಕದಿರೇಶ್ ಡ್ರೈವರ್. ಟೈಮಾಯ್ತು, ಬಿಡಿ ಎಂದು ಅವನು ಸೀಟಿನಿಂದಲೇ ಕೂಗುತ್ತಿದ್ದ. ವೆಂಕಟರಮಣಪ್ಪ ಇನ್ನೂ ಆಗಿಲ್ಲ ಎಂದ. ಕದಿರೇಶ್ ಇಳಿದು ಬಂದು ಕೈ ಹಿಡಿದ. ವೆಂಕಟರಮಣಪ್ಪ ಕೈ ಕಿತ್ತುಕೊಂಡು, ಈ ಸ್ಟ್ಯಾಂಡಲ್ಲಿ ನನ್ನ ವಾಚೇ ಟೈಮು ಎಂದ. ಕೊನೆಗೆ ಮಗುಚಿ ಕೈ ಎತ್ತಿದಾಗ ಕದಿರೇಶ್ ಬಯ್ದುಕೊಂಡೇ ಗೇರು ಹಾಕಿದ. ಶ್ರೀನಿವಾಸಪುರಕ್ಕೆ ತಡವಾಗಿ ಮುಟ್ಟಿದರೆ ಅವನಿಗೆ ಮುಂದಿನ ಟ್ರಿಪ್ ಇಲ್ಲ. ಕೆರೆ ಕಟ್ಟೆಯ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಗೋಪಿ ಎಂಬ ಹುಡುಗನ ಸೈಕಲ್ಲು ಬಸ್ಸಿನ ಕೆಳಗೆ ಹೋಯಿತು. ಗೋಪಿಗೆ ಇಪ್ಪತ್ತೆರಡು ವರ್ಷ.

ಮಧ್ಯಾಹ್ನ ವೆಂಕಟರಮಣಪ್ಪ ಅಂಗಡಿಗೆ ಬಂದ. ವಾಚು ಬಿಚ್ಚಿ ಗಾಜಿನ ಪೆಟ್ಟಿಗೆಯ ಮೇಲಿಟ್ಟ. ಓಬೇದುಲ್ಲಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಜರುಗಿಸಿ ಮಗುಚಿದ. ಅವನಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು. ಮಗುಚುವಾಗ ಹೊಸ ತಿರುಪು ಚೌಕಟ್ಟಿನ ಅಂಚಿಗೆ ತಾಗಿ ಹೊರಕ್ಕೆ ಎಳೆದುಕೊಳ್ಳುತ್ತಿತ್ತು, ಮುಳ್ಳು ನಿಂತುಬಿಡುತ್ತಿತ್ತು. ಡಯಲ್ ಮತ್ತೆ ಹೊರಗೆ ಹಾಕಿದರೆ ತಿರುಪು ಒಳಕ್ಕೆ ಒತ್ತಿಕೊಂಡು ಮುಳ್ಳು ಹೊರಡುತ್ತಿತ್ತು. ಮುಖ ಮುಚ್ಚಿದಷ್ಟು ಹೊತ್ತು ವಾಚು ನಿಲ್ಲುತ್ತಿತ್ತು. ಮುಖ ನೋಡಿದಾಗಲೆಲ್ಲ ಓಡುತ್ತಿತ್ತು.

"ಎಂಟು ನಲವತ್ತಕ್ಕೆ ಎಷ್ಟು ಹಿಂದಿತ್ತು?" ಎಂದು ಕೇಳಿದ.

"ನಾಲ್ಕು ನಿಮಿಷ," ಎಂದ ವೆಂಕಟರಮಣಪ್ಪ. "ಟೀ ಅಂಗಡಿ ರೇಡಿಯೋಗೆ ಆಮೇಲೆ ತಾಳೆ ಹಾಕ್ದೆ."

ಓಬೇದುಲ್ಲಾ ಸಣ್ಣ ಅರ ತೆಗೆದು ತಿರುಪಿನ ಅಂಚನ್ನು ಉಜ್ಜಿದ. ಐದು ನಿಮಿಷದ ಕೆಲಸ. ಹಿಂದಿನ ಸಂಜೆಯೇ ಮಾಡಬಹುದಾಗಿದ್ದ ಕೆಲಸ. ಪೊಲೀಸರಿಗೆ ಹೇಳೋಣ, ನನ್ನ ಕೈಯಿಂದಲೇ ಆದದ್ದು ಎಂದು ಅವನು ಅಂದಾಗ ವೆಂಕಟರಮಣಪ್ಪ ಬೀದಿಯ ಆಚೀಚೆ ನೋಡಿದ. ಆಮೇಲೆ ಹೇಳಿದ.

"ಬಾಯ್ ಮುಚ್ಕೊಂಡಿರು ಕಣೋ. ಸತ್ತಿರೋ ಹುಡುಗ ನಮ್ಮೋನು. ನಿನ್ ಹೆಸ್ರು ಎತ್ತಿದ್ರೆ ಮಾತು ವಾಚಿನ್ ಮೇಲೆ ನಿಲ್ಲಲ್ಲ."

ಆ ಮಾತಿನಲ್ಲಿ ಗೆಳೆಯನ ಬಗೆಗಿನ ಅಕ್ಕರೆ ಎಷ್ಟು, ತನ್ನ ಕೆಲಸ ಹೋದೀತೆಂಬ ಭಯ ಎಷ್ಟು ಎಂದು ಓಬೇದುಲ್ಲಾಗೆ ಅವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮಗಳು ಮಿಸ್ಬಾಳ ನಿಕಾಹ್ ಗೊತ್ತಾಗಿತ್ತು. ಅವನು ಬಾಯಿ ಮುಚ್ಚಿಕೊಂಡ.

ಕೋರ್ಟಿನಲ್ಲಿ ಕದಿರೇಶ್ ಬೇರೇನನ್ನೂ ಅಲ್ಲಗಳೆಯಲಿಲ್ಲ. ಜೋರಾಗಿ ಓಡಿಸಿದೆ, ನಿಜ ಎಂದ. ಆದರೆ ನಾಲ್ಕು ನಿಮಿಷ ತಡ ಮಾಡಿ ಬಿಟ್ಟರು, ಅದಕ್ಕೆ ಓಡಿಸಿದೆ ಎಂದ. ಅವನ ಕಂಡಕ್ಟರೇ ನಾನು ಟೈಮ್ ನೋಡಲಿಲ್ಲ ಎಂದುಬಿಟ್ಟ. ವೆಂಕಟರಮಣಪ್ಪ ಕಟಕಟೆಯಲ್ಲಿ ನಿಂತು, ಎಂಟು ನಲವತ್ತಕ್ಕೆ ಸರಿಯಾಗಿ ಬಿಟ್ಟೆ ಎಂದ. ಆಮೇಲೆ ಓಬೇದುಲ್ಲಾನನ್ನು ಕರೆಸಿದರು. ವಾಚನ್ನು ಕೈಗೆ ಕೊಟ್ಟು, ಇದು ಸರಿಯಾದ ಟೈಮ್ ತೋರಿಸುತ್ತದೆಯೇ ಎಂದು ವಕೀಲರು ಕೇಳಿದರು. ಅವನು ಎರಡು ಸಲ ಮಗುಚಿ ನೋಡಿ, ತೋರಿಸುತ್ತೆ ಸ್ವಾಮಿ ಎಂದ. ಅದು ನಿಜವೇ ಆಗಿತ್ತು. ಅಪಘಾತದ ದಿನ ತೋರಿಸುತ್ತಿತ್ತೇ ಎಂದು ಯಾರೂ ಕೇಳಲಿಲ್ಲ.

ಕದಿರೇಶನಿಗೆ ಒಂದೂವರೆ ವರ್ಷ ಆಯಿತು. ಲೈಸೆನ್ಸು ಹೋಯಿತು. ಕೊಂದವನು ಅನ್ನುವುದಕ್ಕಿಂತ ಸುಳ್ಳುಗಾರ ಅನ್ನುವ ಹೆಸರು ಊರಿನಲ್ಲಿ ಗಟ್ಟಿಯಾಗಿ ಉಳಿಯಿತು. ಜೈಲಿನಿಂದ ಬಂದ ದಿನವೇ ಅವನು ಗೋಪಿಯ ಮನೆಗೆ ಹೋಗಿ ಆ ತಾಯಿಯ ಕಾಲು ಹಿಡಿದನಂತೆ. ವೆಂಕಟರಮಣಪ್ಪನ ಮನೆಯ ಬೀದಿಗೆ ಮಾತ್ರ ಕಾಲಿಡಲಿಲ್ಲ.

ಗೆಳೆಯರಿಬ್ಬರೂ ಆ ಮಾತನ್ನು ಮತ್ತೆ ಆಡಲಿಲ್ಲ. ಬರೀ ಒಂದು ಸಲ, ಹೋದ ತಿಂಗಳು. ಎದೆನೋವಿನಿಂದ ಆಸ್ಪತ್ರೆ ಕಂಡು ಬಂದಿದ್ದ ವೆಂಕಟರಮಣಪ್ಪ ಜಗಲಿಯ ಮೇಲೆ ಕೂತು, ಕದಿರೇಶನಿಗೆ ಹೇಳ್ಬಿಡೋಣ ಕಣೋ ಓಬೇದು ಎಂದಿದ್ದ. ಈಗ್ಯಾಕೆ ಅದೆಲ್ಲ ಎಂದು ಓಬೇದುಲ್ಲಾ ಬೇರೆ ಮಾತು ತೆಗೆದಿದ್ದ.

*

ಬೀದಿ ತುದಿಯಲ್ಲಿ ಗಲಾಟೆ ಕೇಳಿಸಿತು. ಶಾಮಿಯಾನದಲ್ಲಿದ್ದ ಗಂಡಸರು ಎದ್ದರು. ಓಬೇದುಲ್ಲಾನ ಕಾಲುಗಳು ಅವನನ್ನು ಕೇಳದೆಯೇ ಹೊರಟವು.

ನಂದೀಶ್ ಮತ್ತು ಹುಡುಗರು ರಸ್ತೆಗೆ ಅಡ್ಡ ನಿಂತಿದ್ದರು. ಅವರೆದುರು ಒಂದು ಸ್ಕೂಟರು. ಅದರ ಹ್ಯಾಂಡಲ್ ಹಿಡಿದು ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಬಂದಿದ್ದ ಹುಡುಗಿ. ಹಿಂದಿನ ಸೀಟಿನಿಂದ ಇಳಿದು ನಿಂತವನು ಕದಿರೇಶ್. ತಲೆ ಪೂರ್ತಿ ನರೆತಿತ್ತು. ಕೈಯಲ್ಲಿ ದಾಸವಾಳದ ಬಣ್ಣದ ಟವೆಲ್ಲು ಬಿಟ್ಟರೆ ಏನೂ ಇರಲಿಲ್ಲ. ಗಳು ಹಿಡಿದ ಹುಡುಗ ಅದರ ತುದಿಯನ್ನು ಅವನ ಎದೆಗೆ ಆನಿಸಿದ್ದ.

"ಜಗಳಕ್ ಬಂದಿಲ್ಲಪ್ಪ," ಎನ್ನುತ್ತಿದ್ದ ಕದಿರೇಶ್. "ಒಕ್ಕ ಮಾಟ. ಒಂದೇ ಮಾತು ಕೇಳ್ಕೊಂಡು ಹೊರಟೋಗ್ತೀನಿ."

"ಹೆಣದ್ ಮುಂದೆ ಕೇಳ್ತೀನಿ ಅಂದಿದ್ಯಲ್ಲ, ಅದೇ ತಾನೇ?" ಎಂದ ನಂದೀಶ್.

"ಅದಲ್ಲ. ಹದಿನೈದು ದಿನದ ಹಿಂದೆ ಅವರೇ ಫೋನ್ ಮಾಡಿದ್ರು. ಬಾರೋ ಕದಿರೇಶ, ನಿಂಗೊಂದು ಮಾತು ಹೇಳ್ಬೇಕು ಅಂದ್ರು. ನಾನು ಬರಲ್ಲ ಅಂದೆ. ಸಿಟ್ಟಿತ್ತು, ಬರ್ಲಿಲ್ಲ." ಅವನು ಸುತ್ತಲಿನವರ ಮುಖಗಳನ್ನು ಒಂದೊಂದಾಗಿ ನೋಡಿದ. "ಏನ್ ಹೇಳ್ಬೇಕು ಅಂತಿದ್ರು? ಮನೇಲಿ ಯಾರ್ಗಾದ್ರೂ ಹೇಳಿದ್ರೇನೋ. ಅಷ್ಟೇ ಕೇಳೋಕ್ ಬಂದಿದ್ದು."

ಓಬೇದುಲ್ಲಾ ಗುಂಪಿನ ಹಿಂದೆ ನಿಂತಿದ್ದ. ಫೋನಿನ ಸಂಗತಿ ಅವನಿಗೂ ಗೊತ್ತಿರಲಿಲ್ಲ. ಕದಿರೇಶ್ ಅವತ್ತು ಬಂದಿದ್ದರೆ ವೆಂಕಟರಮಣಪ್ಪ ಏನು ಹೇಳುತ್ತಿದ್ದ? ತನ್ನ ತಪ್ಪೆಂದು ಹೇಳಿ ಮುಗಿಸುತ್ತಿದ್ದನೇ, ಓಬೇದುಲ್ಲಾನ ಹೆಸರು ಎತ್ತುತ್ತಿದ್ದನೇ? ಕೇಳಲು ಅವನಿಲ್ಲ. ಇನ್ನು ಗೊತ್ತಿರುವವನು ತಾನೊಬ್ಬನೇ. ಸುಮ್ಮನೆ ನಿಂತರೆ ಸಾಕು. ಹುಡುಗರು ಸ್ಕೂಟರನ್ನು ತಿರುಗಿಸಿ ಕಳಿಸುತ್ತಾರೆ.

ಗಳುವಿನ ಹುಡುಗ ಕದಿರೇಶನನ್ನು ಹಿಂದಕ್ಕೆ ತಳ್ಳಿದ. ಕದಿರೇಶ್ ಮುಗ್ಗರಿಸಿದ. ಹುಡುಗಿ ಸ್ಕೂಟರನ್ನು ಬಿಟ್ಟು ಅಪ್ಪನ ರಟ್ಟೆ ಹಿಡಿದಳು, ಸ್ಕೂಟರು ಉರುಳಿತು.

"ನಂಗೊತ್ತು," ಎಂದ ಓಬೇದುಲ್ಲಾ.

ಎಲ್ಲರೂ ತಿರುಗಿದರು. ಅವನು ಗುಂಪು ಸೀಳಿಕೊಂಡು ಮುಂದೆ ಬಂದು ಜೇಬಿನಿಂದ ವಾಚು ತೆಗೆದ. ತಿರುಪು ಕಳಚಿದ್ದು, ದಪ್ಪನೆಯದು ಹಾಕಿದ್ದು, ಮಗುಚಿದಾಗಲೆಲ್ಲ ಮುಳ್ಳು ನಿಂತಿದ್ದು, ಮಧ್ಯಾಹ್ನ ಅರ ಹಾಕಿ ಉಜ್ಜಿದ್ದು, ಕೋರ್ಟಿನಲ್ಲಿ ತಾನು ಆಡಿದ ಮಾತು, ಎಲ್ಲವನ್ನೂ ವಾಚನ್ನು ಜರುಗಿಸಿ ತೋರಿಸುತ್ತಲೇ ಹೇಳಿದ. ಗಿರಾಕಿಗೆ ಯಾವ ಭಾಗ ಕೆಟ್ಟಿದೆ ಎಂದು ಹೇಳುವ ಹಾಗೆಯೇ ಹೇಳಿದ. ಬೇರೆ ರೀತಿ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಕದಿರೇಶ್ ವಾಚಿನಿಂದ ಕಣ್ಣೆತ್ತಿದ.

"ಆಕ್ಸಿಲೇಟರ್ ಮೇಲಿದ್ದಿದ್ದು ನನ್ ಕಾಲೇ ಸಾಬ್ರೇ," ಎಂದ. "ಅದನ್ನ ನಾನು ಅವತ್ತೂ ಇಲ್ಲ ಅಂದಿಲ್ಲ. ನಾನ್ ಹೊರಟಿದ್ದು ಎಷ್ಟೊತ್ತಿಗೆ, ಅಷ್ಟು ಹೇಳಿ."

"ಎಂಟು ನಲವತ್ನಾಲ್ಕು."

"ನಂಗಲ್ಲ. ಇವ್ಳಿಗ್ ಹೇಳಿ."

ಓಬೇದುಲ್ಲಾ ಹುಡುಗಿಯ ಕಡೆ ತಿರುಗಿದ. "ಎಂಟು ನಲವತ್ನಾಲ್ಕಮ್ಮ. ನಿಮ್ಮಪ್ಪ ಸುಳ್ಳು ಹೇಳಿರ್ಲಿಲ್ಲ."

ಮುನಿಲಕ್ಷ್ಮಿ ಅಳಲಿಲ್ಲ. ಅಪ್ಪನ ರಟ್ಟೆ ಬಿಡದೆ ಓಬೇದುಲ್ಲಾನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ಎಸ್ಸೆಸ್ಸೆಲ್ಸಿ ಪರೀಕ್ಷೆಗ್ ಮುಂಚೆ ನನ್ ವಾಚಿಗೆ ಸೆಲ್ ಹಾಕ್ಸೋಕ್ ಬಂದಿದ್ದೆ. ಯಾರ್ ಮಗಳಮ್ಮ ಅಂದ್ರಿ, ಹೇಳ್ದೆ. ಕಾಸು ಬೇಡ ಹೋಗು ಅಂದ್ರಿ. ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಉರುಳಿದ್ದ ಸ್ಕೂಟರನ್ನು ಒಬ್ಬಳೇ ಎತ್ತಿ ನಿಲ್ಲಿಸಿದಳು.

ಅಷ್ಟರಲ್ಲಿ ಶಿವಕುಮಾರ್ ಬಂದಿದ್ದ. ಎಲ್ಲಿಂದ ಕೇಳಿಸಿಕೊಂಡನೋ, ಒದ್ದೆ ಪಂಚೆಯಲ್ಲೇ ಬಂದವನು ಓಬೇದುಲ್ಲಾನ ಅಂಗಿಯ ಕತ್ತುಪಟ್ಟಿ ಹಿಡಿದ. "ನಮ್ಮಪ್ಪ ಎದ್ ಬಂದು ಇಲ್ಲ ಅನ್ನಲ್ಲ ಅಂತ ಇವತ್ತು ಹೇಳ್ತಿದ್ದೀಯಾ?" ಹುಟ್ಟಿದಾಗಿನಿಂದ ಮಾಮ ಎಂದು ಕರೆದ ಬಾಯಿ ಮೊದಲ ಸಲ ಏಕವಚನಕ್ಕೆ ಇಳಿದಿತ್ತು. ಹಿಂದಿನಿಂದ ಯಾರೋ ಜಾತಿ ಎತ್ತಿ ಒಂದು ಮಾತು ಆಡಿದರು. ಹದಿನೆಂಟು ವರ್ಷದ ಹಿಂದೆ ವೆಂಕಟರಮಣಪ್ಪ ಹೆದರಿದ್ದ ಮಾತೇ. ಇನ್ನೊಬ್ಬರು ಅದಕ್ಕೆ ಹೂಂಗುಟ್ಟಿದರು. ಗಳು ಹಿಡಿದವನು ಅದನ್ನು ಕದಿರೇಶನ ಎದೆಯಿಂದ ತೆಗೆದು ಈಗ ಓಬೇದುಲ್ಲಾನ ಕಡೆ ತಿರುಗಿಸಿದ್ದ.

ಓಬೇದುಲ್ಲಾ ಬಿಡಿಸಿಕೊಳ್ಳಲು ನೋಡಲಿಲ್ಲ. ಹೊಡೆದರೆ ಹೊಡೆಯಲಿ ಎಂದು ನಿಂತ.

"ಬಿಡೋ."

ಮುನಿಯಲ್ಲಮ್ಮ ಬೀದಿಯ ನಡುವೆ ಬರಿಗಾಲಿನಲ್ಲಿ ನಿಂತಿದ್ದಳು. ಗಂಡನ ಹೆಣ ಬಿಟ್ಟು ಎದ್ದು ಬರಬಾರದು ಎಂದು ಹಿಂದೆ ಓಡಿಬಂದ ಹೆಂಗಸರು ಅವಳ ತೋಳು ಹಿಡಿದು ಎಳೆಯುತ್ತ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದರು. ಅವಳು ಅವರ ಕೈ ಕೊಡವಿದಳು.

"ಬಿಡೋ ಅವರ್ನ. ಹದಿನೆಂಟು ವರ್ಷ ನಿಮ್ಮಪ್ಪ ನಿದ್ದೇಲಿ ನಾಲ್ಕು ನಿಮಿಷ, ನಾಲ್ಕು ನಿಮಿಷ ಅಂತ ಕನವರಿಸ್ತಿದ್ರು. ಏನು ಅಂತ ಕೇಳಿದ್ರೆ ಬಸ್ಸಿಂದು ಅನ್ನೋರು. ನಾನೂ ಬಸ್ಸಿಂದು ಅಂತಾನೇ ಸುಮ್ನಾಗ್ತಿದ್ದೆ." ಅವಳು ಉಸಿರು ಎಳೆದುಕೊಂಡಳು. "ಅವರು ಬಾಯಲ್ಲಿ ಇಟ್ಕೊಂಡೇ ಹೋದ್ರು. ಇವರು ಉಗುಳಿದ್ರು. ಅಷ್ಟೇ."

ಶಿವಕುಮಾರನ ಹಿಡಿತ ಸಡಿಲಾಯಿತು. ಅವನು ಅಮ್ಮನನ್ನೂ ಓಬೇದುಲ್ಲಾನನ್ನೂ ನೋಡಿ, ಓಬೇದುಲ್ಲಾನ ಕೈಯಿಂದ ವಾಚನ್ನು ಕಿತ್ತುಕೊಂಡ. ಬೀಸಿ ಒಗೆಯುತ್ತಾನೇನೋ ಎಂದು ಎಲ್ಲರೂ ಕಾದರು. ಒಗೆಯಲಿಲ್ಲ. ಅಮ್ಮನ ಅಂಗೈಯಲ್ಲಿಟ್ಟು, ಮುಖ ತಿರುಗಿಸಿಕೊಂಡು ಮನೆಯ ಕಡೆ ನಡೆದ.

ಮುನಿಯಲ್ಲಮ್ಮ ಕದಿರೇಶನ ಹತ್ತಿರ ಹೋದಳು. "ಬಾಪ್ಪ. ಕರೆದಿದ್ರಂತಲ್ಲ," ಎಂದಳು.

ಕದಿರೇಶ್ ಬಂದ. ಹೆಣದ ಮುಂದೆ ನಿಂತ. ಇಡೀ ಶಾಮಿಯಾನ ಅವನ ಬಾಯನ್ನೇ ನೋಡುತ್ತಿತ್ತು. ಅವನು ಏನನ್ನೂ ಕೇಳಲಿಲ್ಲ. ಒಂದು ಹಿಡಿ ಅಕ್ಕಿ ತೆಗೆದುಕೊಂಡು, ಅಷ್ಟನ್ನೂ ಹಾಕಲಾರದೆ ಅರ್ಧ ಕೈಯಲ್ಲೇ ಉಳಿಸಿಕೊಂಡು ಪಕ್ಕಕ್ಕೆ ಸರಿದ. ಮುನಿಯಲ್ಲಮ್ಮ ಬಗ್ಗಿ ಗಂಡನ ಎಡಗೈಗೆ ವಾಚು ತೊಡಿಸಿದಳು. ಕೊಂಡಿ ಹಾಕಲು ಅವಳಿಗೆ ಬರಲಿಲ್ಲ. ಹಾಗೇ ಬಿಟ್ಟು ಮೇಲೆ ಬಿಳಿ ಬಟ್ಟೆ ಎಳೆದಳು.

ಮೂರು ಗಂಟೆಯಾಗಿತ್ತು. ತಮಟೆ ಶುರುವಾಯಿತು. ಶಿವಕುಮಾರ್ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಚಟ್ಟದ ಕಾಲಿನ ಕಡೆ ನಂದೀಶ್ ಮತ್ತು ಇನ್ನೊಬ್ಬ ಹೆಗಲು ಕೊಟ್ಟರು. ತಲೆಯ ಕಡೆಗೆ ಯಾರು ಎಂದು ಹಿರಿಯರು ಆಚೀಚೆ ನೋಡಿದರು. ಮುನಿಯಲ್ಲಮ್ಮ ಒಂದು ಬದಿಗೆ ಓಬೇದುಲ್ಲಾನನ್ನು, ಇನ್ನೊಂದು ಬದಿಗೆ ಕದಿರೇಶನನ್ನು ತೋರಿಸಿದಳು. ಗೊಣಗಾಟ ಎದ್ದಿತು. ಶಿವಕುಮಾರ್ ತಿರುಗಿ ನೋಡಲಿಲ್ಲ, ಬೇಡ ಎಂದೂ ಹೇಳಲಿಲ್ಲ.

"ನಂಗೆ ನಿಮ್ ಮೇಲೆ ಸಿಟ್ಟು ಹೋಗಿಲ್ಲ ಸಾಬ್ರೇ," ಎಂದು ಕದಿರೇಶ್ ಬಿದಿರಿಗೆ ಕೈ ಹಾಕುತ್ತಾ ಮೆಲ್ಲಗೆ ಹೇಳಿದ.

"ಹೋಗೋದ್ ಬೇಡ," ಎಂದ ಓಬೇದುಲ್ಲಾ.

ಎತ್ತಿದರು. ಓಬೇದುಲ್ಲಾ ಗಿಡ್ಡ ಆಳು, ಎಪ್ಪತ್ತೆರಡು ವರ್ಷ ಬೇರೆ. ಎರಡು ಹೆಜ್ಜೆಗೇ ಚಟ್ಟ ಅವನ ಕಡೆ ವಾಲಿತು. ಭಾರವೆಲ್ಲ ಅವನ ಹೆಗಲಿಗೆ ಇಳಿಯಿತು, ಬಿದಿರು ಕತ್ತಿನ ಮೂಳೆಗೆ ಒತ್ತಿತು, ಉಸಿರು ಸಿಕ್ಕಿಕೊಂಡಿತು. ಆ ಕಡೆ ಎತ್ರಪ್ಪ, ಎತ್ರಿ ಎಂದು ಯಾರೋ ಕೂಗಿದರು. ಅವನು ತುದಿಗಾಲಿನಲ್ಲಿ ನಿಲ್ಲಲು ನೋಡಿದ, ಆಗಲಿಲ್ಲ. ಚಟ್ಟದ ಆಚೆಗಿದ್ದ ಕದಿರೇಶನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಕೆಳಗಿನಿಂದ ಕಾಣುತ್ತಿದ್ದದ್ದು ಬರೀ ಅವನ ಕಾಲುಗಳು, ಮಾಸಿದ ಪಂಚೆಯ ಕೆಳಗೆ ಉದ್ದುದ್ದ ಕಾಲುಗಳು. ಅವು ಒಂದು ಕ್ಷಣ ನಿಂತವು. ಆಮೇಲೆ ಮಂಡಿಗಳು ನಿಧಾನವಾಗಿ ಮಡಿಚಿಕೊಂಡವು. ಬಿದಿರು ಆ ಕಡೆ ತಗ್ಗಿತು, ಓಬೇದುಲ್ಲಾನ ಹೆಗಲಿನ ಮೇಲಿನ ಒತ್ತಡ ಇಳಿಯಿತು, ಚಟ್ಟ ಸಮವಾಯಿತು. ತಮಟೆಯ ಹಿಂದೆ, ಬಿಸಿಲು ಬಿದ್ದ ಟಾರಿನ ಮೇಲೆ, ಆ ಎರಡು ಕಾಲುಗಳು ಮಂಡಿ ಮಡಿಸಿಕೊಂಡೇ ಒಂದೊಂದು ಹೆಜ್ಜೆ ಇಡುತ್ತಾ ನಡೆದವು.